ದಾದಿಯರ ತರಬೇತಿ: ಮೂರು ವರ್ಷದ ಸಂಬಳ ಯಾರ ಖಾತೆಗೆ?

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಆಸ್ಪತ್ರೆ ನಡೆಸುವವರನ್ನು ಕೇಳಿದರೆ ಕಟ್ಟಡ, ಯಂತ್ರೋಪಕರಣ, ಬ್ಯಾಂಕ್ ಸಾಲ ಇವೆಲ್ಲಕ್ಕಿಂತ ದೊಡ್ಡ ಚಿಂತೆ ನೋಂದಾಯಿತ ದಾದಿಯರದ್ದು ಎನ್ನುವವರೇ ಹೆಚ್ಚು. ಕಲಿತು ಬಂದವರು ವರ್ಷವೊಂದು ಕಳೆಯುವಷ್ಟರಲ್ಲಿ ಅನುಭವ ಪ್ರಮಾಣಪತ್ರ ಪಡೆದು ಮಂಗಳೂರಿಗೋ ಬೆಂಗಳೂರಿಗೋ, ಅಲ್ಲಿಂದ ಗಲ್ಫ್ ದೇಶಗಳಿಗೋ ಹೊರಡುತ್ತಾರೆ. ತೆರವಾದ ಪಾಳಿಯನ್ನು ತುಂಬುವವರು ಯಾರು? ಹತ್ತಾರು ವರ್ಷಗಳಿಂದ ಅದೇ ವಾರ್ಡಿನಲ್ಲಿ ದುಡಿಯುತ್ತ, ರೋಗಿಗಳಿಂದ 'ಸಿಸ್ಟರ್' ಎಂದೇ ಕರೆಸಿಕೊಳ್ಳುತ್ತಿರುವ ವಾರ್ಡ್ ಸಹಾಯಕಿಯರು. ಕೆಲಸದ ಅರಿವು ಅವರಿಗಿದೆ. ಕಾನೂನಿನ ದೃಷ್ಟಿಯಲ್ಲಿ ಅವರು ದಾದಿಯರಲ್ಲ.

ಇದು ಆಸ್ಪತ್ರೆಯವರ ತಲೆನೋವು, ವರ್ತಕರಿಗೂ ಸಣ್ಣ ಕೈಗಾರಿಕೆಯವರಿಗೂ ಇದರಿಂದ ಆಗಬೇಕಾದದ್ದೇನು ಎಂದು ಕೇಳುವವರಿರಬಹುದು. ಪುತ್ತೂರಿನಿಂದ ಮಂಗಳೂರಿಗೆ 50 ಕಿ.ಮೀ.ಗೂ ಹೆಚ್ಚು ದೂರ. ಸುಳ್ಯದಿಂದ 80 ಕಿ.ಮೀ.ಗೂ ಹೆಚ್ಚು. ಗೇರುಬೀಜ ಕಾರ್ಖಾನೆಯ ಕೆಲಸಗಾರ್ತಿಗೆ ಹೆರಿಗೆ ನೋವು ಬಂದಾಗ, ಅಡಿಕೆ ಮರದಿಂದ ಬಿದ್ದವನನ್ನು ಜೀಪಿನಲ್ಲಿ ಹಾಕಿ ತಂದಾಗ, ಅಂಗಡಿಯ ಗುಮಾಸ್ತನಿಗೆ ಎದೆನೋವು ಕಾಣಿಸಿಕೊಂಡಾಗ ಮೊದಲ ಒಂದು ಗಂಟೆಯನ್ನು ನಿಭಾಯಿಸುವುದು ಊರಿನ ಆಸ್ಪತ್ರೆಯೇ. ಆ ಗಂಟೆಯಲ್ಲಿ ರೋಗಿಯ ಪಕ್ಕದಲ್ಲಿ ನಿಂತವಳು ತರಬೇತಿ ಪಡೆದವಳೇ ಅಲ್ಲವೇ ಎಂಬುದು ಮಾಲಕನಿಗೂ ನೌಕರನಿಗೂ ಸಮಾನವಾಗಿ ಸಂಬಂಧಿಸಿದ ವಿಚಾರ.

ಕೊರತೆಯ ಪ್ರಮಾಣವನ್ನು ಒಂದು ಉದಾಹರಣೆಯಿಂದ ನೋಡಬಹುದು. ಭಾರತೀಯ ನರ್ಸಿಂಗ್ ಪರಿಷತ್ತಿನಿಂದ ಬಹುಕಾಲದಿಂದ ರೂಢಿಯಲ್ಲಿರುವ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ದಾದಿ, ಅದರ ಮೇಲೆ ರಜೆಯ ಬಾಬ್ತು ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕು. 60 ಹಾಸಿಗೆಗಳ ಆಸ್ಪತ್ರೆಗೆ ಈ ಲೆಕ್ಕದಲ್ಲಿ 12 ಮತ್ತು 4, ಒಟ್ಟು 16 ಮಂದಿ ಬೇಕು. ತುರ್ತು ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಹೆರಿಗೆ ಕೊಠಡಿಗಳ ಲೆಕ್ಕ ಬೇರೆಯೇ. ಈ 16ರಲ್ಲಿ ವರ್ಷಕ್ಕೆ ನಾಲ್ವರು ಬಿಟ್ಟರೂ ಕಾಲು ಭಾಗ ಬರಿದಾಯಿತು. ಯಾವ ವ್ಯಾಪಾರಿಯೂ ತನ್ನ ನುರಿತ ಕೆಲಸಗಾರರಲ್ಲಿ ಕಾಲು ಭಾಗವನ್ನು ಪ್ರತಿ ವರ್ಷ ಕಳೆದುಕೊಂಡು ನೆಮ್ಮದಿಯಿಂದ ಅಂಗಡಿ ತೆರೆಯಲಾರ.

ಕಾಲೇಜು ಮತ್ತು ಆಸ್ಪತ್ರೆ ಕೈಜೋಡಿಸಬೇಕೆಂಬುದು ಈ ಜಿಲ್ಲೆಗೆ ಹೊಸ ಉಪದೇಶವೇನಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ರಾಜ್ಯದ ಭಾಗವಾಗಿತ್ತು. ಕಾಲೇಜಿಗೆ ರೋಗಿಗಳಿರುವ ದೊಡ್ಡ ಆಸ್ಪತ್ರೆ ಬೇಕಿತ್ತು. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಗೆ ವೈದ್ಯರೂ ಅಧ್ಯಾಪಕರೂ ಬೇಕಿತ್ತು. ಎರಡೂ ಕಡೆಯ ಅಗತ್ಯವನ್ನು ಒಂದು ಒಪ್ಪಂದ ಪೂರೈಸಿತು. ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ ಆ ಕಾಲೇಜಿನ ವಿದ್ಯಾರ್ಥಿಗಳು ಕಲಿತ ಪರಂಪರೆ ಏಳು ದಶಕಗಳದ್ದು. ಖಾಸಗಿ ಕಾಲೇಜೊಂದು ಸರಕಾರಿ ಆಸ್ಪತ್ರೆಯೊಡನೆ ಸೇರಿ ದುಡಿಯಬಹುದೆಂಬುದನ್ನು 'ಸಾರ್ವಜನಿಕ-ಖಾಸಗಿ ಸಹಭಾಗಿತ್ವ' ಎಂಬ ಪದ ಚಲಾವಣೆಗೆ ಬರುವ ಮೊದಲೇ ಈ ನೆಲ ತೋರಿಸಿಕೊಟ್ಟಿದೆ.

ಸುಳ್ಯದ ಕತೆಯೂ ಸಣ್ಣದಲ್ಲ. 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜಿನಿಂದ ತೊಡಗಿ 2002ರಲ್ಲಿ ವೈದ್ಯಕೀಯ ಕಾಲೇಜಿನವರೆಗೆ ಡಾ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಸಂಸ್ಥೆಗಳ ಸಮೂಹದಲ್ಲಿ ಆಸ್ಪತ್ರೆಯೂ ಇದೆ, ನರ್ಸಿಂಗ್ ಶಿಕ್ಷಣವೂ ಇದೆ. ಘಟ್ಟದ ಬುಡದ ಒಂದು ತಾಲೂಕು ಕೇಂದ್ರಕ್ಕೆ ಇದು ಸಾಮಾನ್ಯ ಭಾಗ್ಯವಲ್ಲ. ಆದ್ದರಿಂದ ಕಲಿಸುವ ಸ್ಥಳವಿಲ್ಲವೆಂದು ಯಾರೂ ಹೇಳುವಂತಿಲ್ಲ. ಕಲಿಯಬೇಕಾದವರೂ ಇದ್ದಾರೆ. ಇವೆರಡರ ನಡುವೆ ಏನು ಕಡಿದುಹೋಗಿದೆ ಎಂಬುದಷ್ಟೇ ಪ್ರಶ್ನೆ.

ಮೊದಲಿಗೆ ಪ್ರವೇಶದ ನಿಯಮ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಆದರೆ ಜಿಎನ್‌ಎಂ ಎಂದು ರೂಢಿಯಲ್ಲಿರುವ ಮೂರು ವರ್ಷದ ಡಿಪ್ಲೊಮಾಕ್ಕೆ ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ; ನಿಗದಿತ ಕನಿಷ್ಠ ಅಂಕವಿದ್ದು ಇಂಗ್ಲಿಷ್‌ನಲ್ಲಿ ಉತ್ತೀರ್ಣರಾಗಿದ್ದರೆ ಸಾಕು. ರಾಷ್ಟ್ರೀಯ ಮುಕ್ತ ಶಾಲೆಯ ಹನ್ನೆರಡನೆಯ ತರಗತಿಗೂ ಮಾನ್ಯತೆ ಇದೆ. ವಯಸ್ಸಿನ ಮಿತಿ 35. ಜಿಎನ್‌ಎಂ ಆದವರು ಮುಂದೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ ಪಡೆಯಬಹುದು. ಅಂದರೆ ಎಸ್ಸೆಸ್ಸೆಲ್ಸಿ ಮುಗಿಸಿ 22ನೆಯ ವಯಸ್ಸಿನಲ್ಲಿ ವಾರ್ಡ್ ಸಹಾಯಕಿಯಾಗಿರುವ ಹುಡುಗಿ ಕೆಲಸದಲ್ಲಿದ್ದುಕೊಂಡೇ ಎರಡು ವರ್ಷದಲ್ಲಿ ಮುಕ್ತ ಶಾಲೆಯ ಪರೀಕ್ಷೆ ಮುಗಿಸಿ, ಮತ್ತೆ ಮೂರು ವರ್ಷ ಓದಿದರೆ 27ಕ್ಕೆ ನೋಂದಾಯಿತ ದಾದಿ. ಏಣಿ ಇದೆ. ಅದರ ಮೆಟ್ಟಿಲುಗಳನ್ನು ಸಹಾಯಕಿಯರಿಗೆ ತೋರಿಸಿದವರು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಆರು ತಿಂಗಳ, ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್' ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಪೇಟೆ ಪೇಟೆಗಳಲ್ಲಿ ಫಲಕ ತೂಗಿಸಿವೆ. ಆ ಪ್ರಮಾಣಪತ್ರದಿಂದ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ದಾದಿಯೆಂದು ನೋಂದಣಿಯಾಗುವುದಿಲ್ಲ. ಬಡ ಕುಟುಂಬಗಳು ಸಾಲ ಮಾಡಿ ಕಟ್ಟಿದ ಶುಲ್ಕ ಹೀಗೆ ವ್ಯರ್ಥವಾಗುವುದನ್ನು ತಡೆಯುವುದೂ ಸಂಘದ ಸದಸ್ಯರ ಕರ್ತವ್ಯವೇ. ಅನೇಕ ವೇಳೆ ಆ ಫಲಕ ತೂಗುವ ಕಟ್ಟಡದ ಮಾಲಕರು ಅವರೇ ಆಗಿರುತ್ತಾರೆ.

ಇನ್ನು ಮೂಲ ತೊಡಕಿಗೆ ಬರೋಣ. ಜಿಎನ್‌ಎಂ ಪೂರ್ಣಾವಧಿಯ ಶಿಕ್ಷಣ. ಹಗಲು ದುಡಿದು ಸಂಜೆ ಓದುವ ಅವಕಾಶ ಅದರಲ್ಲಿಲ್ಲ. ದಾನಿಗಳು ಸಾಮಾನ್ಯವಾಗಿ ಶುಲ್ಕ ಕೊಡಲು ಮುಂದಾಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಸಹಾಯಕಿಯನ್ನು ತಡೆದು ನಿಲ್ಲಿಸುವುದು ಶುಲ್ಕಕ್ಕಿಂತ ಹೆಚ್ಚಾಗಿ ಕೈತಪ್ಪಿಹೋಗುವ ಸಂಬಳ. ತಿಂಗಳಿಗೆ 15,000 ರೂ. ಎಂದಿಟ್ಟುಕೊಂಡರೂ 36 ತಿಂಗಳಿಗೆ 5,40,000 ರೂ. ಆ ಸಂಬಳದಿಂದ ತಮ್ಮನ ಓದು, ತಾಯಿಯ ಮಾತ್ರೆ, ಸ್ವಸಹಾಯ ಸಂಘದ ಕಂತು ನಡೆಯುತ್ತಿರುತ್ತದೆ. ಶುಲ್ಕ ಮನ್ನಾ ಮಾಡಿ 'ಓದಮ್ಮ' ಎಂದರೆ ಆಕೆ ನಕ್ಕು ಸುಮ್ಮನಾಗುತ್ತಾಳೆ. ಕಾಲೇಜು ಮತ್ತು ಆಸ್ಪತ್ರೆಗಳು ಬರೆದುಕೊಳ್ಳುವ ತಿಳಿವಳಿಕೆ ಪತ್ರಗಳಲ್ಲಿ ಸೀಟು, ಪ್ರಾಯೋಗಿಕ ತರಬೇತಿ, ಬಸ್ಸು, ಸಮವಸ್ತ್ರ ಎಲ್ಲಕ್ಕೂ ಕಲಮು ಇರಬಹುದು. ಈ ಸಂಬಳಕ್ಕೆ ಒಂದು ಕಲಮು ಇಲ್ಲದಿದ್ದರೆ ಅಂಥ ಒಪ್ಪಂದದಿಂದ ಸಹಾಯಕಿಯರಿಗೆ ಪ್ರಯೋಜನವಿಲ್ಲ.

ಆದುದರಿಂದ ವಿಚಾರಕ್ಕೆ ಒಂದು ಲೆಕ್ಕ. ಅಭ್ಯಾಸದ ಅವಧಿಯಲ್ಲಿ ಅರ್ಧ ಸಂಬಳ, ಅಂದರೆ ತಿಂಗಳಿಗೆ 7,500 ರೂ. ಜೀವನಾಧಾರ ಭತ್ಯೆ ಕೊಡುವುದಾದರೆ ಮೂರು ವರ್ಷಕ್ಕೆ ತಲಾ 2,70,000 ರೂ. ಇದನ್ನು ಮೂರು ಪಾಲು ಮಾಡಬಹುದು. ತಿಂಗಳಿಗೆ 2,500 ರೂ. ಆಕೆಯನ್ನು ಕಳುಹಿಸುವ ಆಸ್ಪತ್ರೆಯದ್ದು, 2,500 ರೂ. ವರ್ತಕರೂ ಕೈಗಾರಿಕೆಯವರೂ ಕೂಡಿಸುವ ನಿಧಿಯದ್ದು, 2,500 ರೂ. ಸ್ಥಳೀಯ ಸಹಕಾರಿ ಸಂಘದ ಸಾಲ. ವರ್ಷಕ್ಕೆ 10 ಮಂದಿಯನ್ನು ಕಳುಹಿಸಿದರೆ ನಿಧಿಯ ಹೊರೆ ಮೊದಲ ವರ್ಷ 3 ಲಕ್ಷ ರೂ.; ಮೂರು ತಂಡಗಳು ಏಕಕಾಲದಲ್ಲಿ ಓದುವ ಹಂತಕ್ಕೆ ಬಂದಾಗ ವರ್ಷಕ್ಕೆ 9 ಲಕ್ಷ ರೂ. 300 ಸದಸ್ಯರು ಹಂಚಿಕೊಂಡರೆ ತಲಾ ತಿಂಗಳಿಗೆ 250 ರೂ. ಜಾತ್ರೆ, ಕ್ರಿಕೆಟ್ ಪಂದ್ಯಾಟಗಳ ರಶೀದಿ ಪುಸ್ತಕಕ್ಕೆ ಮೂರು ತಾಲೂಕುಗಳ ವರ್ತಕರು ಕೊಡುವ ಮೊತ್ತದ ಮುಂದೆ ಇದು ಭಾರವೇನಲ್ಲ.

ಆಸ್ಪತ್ರೆಯ ಪಾಲಾದ 90,000 ರೂ. ಹೆಚ್ಚಾಯಿತೆನ್ನುವವರು ಇನ್ನೊಂದು ಬಾಬ್ತನ್ನು ಗಮನಿಸಬೇಕು. ಸ್ವಂತ ನೌಕರರ ಸಂಬಳದ ಮೇಲೆ ಜಿ.ಎಸ್.ಟಿ. ಇಲ್ಲ. ಅದೇ ದಾದಿಯನ್ನು ಮಾನವ ಸಂಪನ್ಮೂಲ ಪೂರೈಸುವ ಏಜೆನ್ಸಿಯ ಮೂಲಕ ಪಡೆದರೆ ಬಿಲ್ಲಿನ ಪೂರ್ಣ ಮೊತ್ತದ ಮೇಲೆ ಶೇ. 18 ತೆರಿಗೆ ಬೀಳುತ್ತದೆ. ಚಿಕಿತ್ಸಾ ಸೇವೆ ತೆರಿಗೆಯಿಂದ ಮುಕ್ತವಾಗಿರುವುದರಿಂದ ಆಸ್ಪತ್ರೆಗೆ ಅದರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಕಟ್ಟಿದ್ದು ಕಟ್ಟಿದಂತೆಯೇ ಖರ್ಚು. ತಿಂಗಳಿಗೆ 20,000 ರೂ. ಬಿಲ್ಲಿಗೆ ತೆರಿಗೆ 3,600 ರೂ., ಮೂರು ವರ್ಷಕ್ಕೆ 1,29,600 ರೂ. ಏಜೆನ್ಸಿಯ ಸೇವಾ ಶುಲ್ಕ ಬೇರೆ. ಒಬ್ಬ ದಾದಿಯ ಮೇಲೆ ಬರಿಯ ತೆರಿಗೆಯಾಗಿ ಹೋಗುವ ಹಣಕ್ಕಿಂತ ಕಡಿಮೆ ವೆಚ್ಚದಲ್ಲಿ ಊರಿನವಳೇ ಒಬ್ಬಳು ದಾದಿಯಾಗಿ ನಿಲ್ಲುತ್ತಾಳೆ.

ಇದಕ್ಕಿಂತ ಗಂಭೀರವಾದದ್ದು ಪುಸ್ತಕದಲ್ಲಿ ಕಾಣದ ಹೊಣೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಂತೆ ನೋಂದಣಿ ಪಡೆದ ಆಸ್ಪತ್ರೆ ಅರ್ಹ ಸಿಬ್ಬಂದಿಯನ್ನು ಹೊಂದಿರಬೇಕು. ವೈದ್ಯಕೀಯ ಸೇವೆ ಗ್ರಾಹಕ ರಕ್ಷಣಾ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ತೀರ್ಪಿತ್ತಿದೆ. ನೋಂದಣಿಯಿಲ್ಲದ ಕೈಯಿಂದ ರಾತ್ರಿ ಪಾಳಿಯಲ್ಲಿ ಒಂದು ಚುಚ್ಚುಮದ್ದು ತಪ್ಪಿದರೆ ಬರುವ ಪರಿಹಾರದ ಮೊತ್ತ ಯಾವ ಆಸ್ಪತ್ರೆಯ ಆಸ್ತಿ-ಹೊಣೆ ಪಟ್ಟಿಯಲ್ಲೂ ನಮೂದಾಗಿಲ್ಲ. ರೋಗಿಗೆ ಆಗುವ ನಷ್ಟಕ್ಕಂತೂ ಅಂಕಿಯೇ ಇಲ್ಲ.

'ನಾವು ಓದಿಸುವುದು, ಅವಳು ದುಬೈಗೆ ಹಾರುವುದು' ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಏಳುತ್ತದೆ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ಇದಕ್ಕೆ ಕೆಲವರು ಕಂಡುಕೊಂಡಿರುವ ಉಪಾಯ ಮೂಲ ಪ್ರಮಾಣಪತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ತರಬೇತಿಯ ವೆಚ್ಚ ಮರಳಿ ಪಡೆಯಲು ಕಾನೂನಿನಲ್ಲೇ ದಾರಿ ಇದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಡನೆ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷ ಸೇವೆ ಸಲ್ಲಿಸದಿದ್ದರೆ 2 ಲಕ್ಷ ರೂ. ಕೊಡತಕ್ಕದ್ದೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಬ್ಯಾಂಕಿನ ಅಧಿಕಾರಿಗೆ ಒಪ್ಪುವ ಮೊತ್ತ ವಾರ್ಡ್ ಸಹಾಯಕಿಗೆ ಒಪ್ಪಬೇಕೆಂದಿಲ್ಲ ಎಂಬುದು ಬೇರೆ ಮಾತು. ಕರಾರು ಕಾಯ್ದೆಯಂತೆ ಪರಿಹಾರ ಯುಕ್ತವಾಗಿರಬೇಕು. ದಂಡದ ರೂಪ ತಾಳಿದರೆ ನ್ಯಾಯಾಲಯದಲ್ಲಿ ನಿಲ್ಲದು.

ಬೆದರಿಕೆಗಿಂತ ಆಕರ್ಷಣೆಯೇ ಹೆಚ್ಚು ಕೆಲಸ ಮಾಡುತ್ತದೆ. ಮೇಲಿನ ಲೆಕ್ಕದಲ್ಲಿ ಸಹಕಾರಿ ಸಂಘದ ಸಾಲವೆಂದು ತೋರಿಸಿದ 90,000 ರೂ. ಇದೆಯಷ್ಟೆ? ಓದು ಮುಗಿಸಿ ಬಂದವಳು ಅದೇ ಆಸ್ಪತ್ರೆಯಲ್ಲಿ ದುಡಿಯುವಷ್ಟು ಕಾಲ ಅದರ ಮಾಸಿಕ ಕಂತನ್ನು ಆಸ್ಪತ್ರೆಯೇ ಕಟ್ಟಲಿ. ಮೂರು ವರ್ಷ ನಿಂತರೆ ಸಾಲ ತೀರಿತು. ನಡುವೆ ಹೊರಟರೆ ಉಳಿದ ಕಂತು ಅವಳದ್ದು. ಪ್ರಮಾಣಪತ್ರ ಅವಳ ಕೈಯಲ್ಲೇ ಇರುತ್ತದೆ. ಹೋಗುವವಳನ್ನು ಯಾರೂ ತಡೆಯಬೇಕಾಗಿಲ್ಲ, ನಿಲ್ಲುವವಳಿಗೆ ನಿಂತದ್ದರ ಫಲ ಪ್ರತಿ ತಿಂಗಳೂ ಕಾಣುತ್ತದೆ. ಇನ್ನು, ಆಕೆ ಓದಲು ಹೋಗುವಾಗ ರಾಜೀನಾಮೆ ಬರೆಸಿಕೊಳ್ಳದೆ ಲಿಖಿತ ಅಧ್ಯಯನ ರಜೆ ಕೊಡುವುದು ಉತ್ತಮ. ಸೇವೆಯ ಮುಂದುವರಿಕೆ ಉಳಿಯುತ್ತದೆ. ಆಸ್ಪತ್ರೆಯ ಪಾಲಿಗೂ ಈ ಭತ್ಯೆ ತನ್ನ ನೌಕರಳ ತರಬೇತಿಯ ವೆಚ್ಚವೆಂದು ಲೆಕ್ಕದಲ್ಲಿ ಸಮರ್ಥಿಸಿಕೊಳ್ಳಲು ಆಧಾರ ಸಿಗುತ್ತದೆ.

ಸಂಬಳದ ವಿಷಯದಲ್ಲಿ ಆಸ್ಪತ್ರೆಗಳೂ ತಮ್ಮನ್ನು ಪ್ರಶ್ನಿಸಿಕೊಳ್ಳಬೇಕು. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ಸಂಬಳ 20,000 ರೂ.ಗಿಂತ ಕಡಿಮೆಯಿರಕೂಡದೆಂದು ಶಿಫಾರಸು ಮಾಡಿತ್ತು. ಅದು ಹಲವು ವರ್ಷಗಳ ಹಿಂದಿನ ಅಂಕಿ. ಇಂದಿಗೂ ಅದಕ್ಕಿಂತ ಕಡಿಮೆ ಕೊಡುವ ಆಸ್ಪತ್ರೆ ದಾದಿಯರು ನಿಲ್ಲುವುದಿಲ್ಲವೆಂದು ದೂರಿದರೆ ಕೇಳುವವರು ಯಾರು?

ಸಾಲದ ಮೂಲವನ್ನು ದೂರ ಹುಡುಕಬೇಕಾಗಿಲ್ಲ. ಜಿಲ್ಲೆಯ ಸಹಕಾರ ಚಳವಳಿಯ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರು 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಬೀಜ ಬಿತ್ತಿದ್ದು ಪುತ್ತೂರಿನಲ್ಲೇ. ಅಡಿಕೆ ಫಸಲಿನ ಮೇಲೆ, ಚಿನ್ನದ ಮೇಲೆ, ವಾಹನದ ಮೇಲೆ ಸಾಲ ಕೊಟ್ಟು ಪಳಗಿದ ಸಹಕಾರಿ ಸಂಘಗಳಿಗೆ, ಉದ್ಯೋಗದಾತನೇ ಕಂತಿನ ಹೊಣೆ ಹೊತ್ತ 90,000 ರೂ. ಸಾಲ ಅಪಾಯದ ಸಾಲವಲ್ಲ.

ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಧಿಯ ಕಡೆ ಬೆರಳು ತೋರಿಸುವವರಿದ್ದಾರೆ. ವಾರ್ಷಿಕ ನಿವ್ವಳ ಲಾಭ 5 ಕೋಟಿ ರೂ., ವಹಿವಾಟು 1,000 ಕೋಟಿ ರೂ., ನಿವ್ವಳ ಮೌಲ್ಯ 500 ಕೋಟಿ ರೂ. ಇವುಗಳಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ ಆ ನಿಯಮ. ಪಾಲುದಾರಿಕೆ ಮತ್ತು ಒಡೆತನದ ವ್ಯವಹಾರಗಳೇ ತುಂಬಿರುವ ಈ ಪೇಟೆಗಳಲ್ಲಿ ಅದನ್ನು ನೆಚ್ಚಿ ಕೂರುವುದು ಸಲ್ಲ. ಅಪ್ರೆಂಟಿಸ್ ಕಾಯ್ದೆ ಮಾತ್ರ ಸ್ವಲ್ಪ ಹತ್ತಿರದ್ದು: 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ, ಆಸ್ಪತ್ರೆಯೂ ಸೇರಿ, ತನ್ನ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳತಕ್ಕದ್ದು. ವಾರ್ಡ್ ಸಹಾಯಕಿಯ ಹಂತಕ್ಕೆ ಇದು ಒದಗುತ್ತದೆ, ದಾದಿಯ ಹಂತಕ್ಕೆ ಅಲ್ಲ.

ಹಣದಷ್ಟೇ ಮುಖ್ಯವಾದ ಮತ್ತೊಂದು ಅಡ್ಡಿ ಭಾಷೆಯದ್ದು. ಕನ್ನಡ ಮಾಧ್ಯಮದಲ್ಲಿ ಓದಿ, ಐದಾರು ವರ್ಷ ಪುಸ್ತಕ ಮುಟ್ಟದೆ ಇದ್ದವಳ ಮುಂದೆ ಮೊದಲ ವರ್ಷವೇ ಅಂಗರಚನೆ, ಶರೀರಕ್ರಿಯೆಗಳ ಇಂಗ್ಲಿಷ್ ಪಠ್ಯಪುಸ್ತಕ ಬಂದರೆ ಆಕೆ ತತ್ತರಿಸುವುದು ಸಹಜ. ಬುದ್ಧಿ ಇಲ್ಲದೆ ಅಲ್ಲ. ಯಾವ ರೋಗಿಯ ಉಸಿರಾಟ ಕೆಟ್ಟಿದೆಯೆಂದು ಬಾಗಿಲಿನಿಂದಲೇ ಗುರುತಿಸಬಲ್ಲವಳು ಅವಳು. ಪುತ್ತೂರಿನಲ್ಲಿ 1958ರ ಸಂತ ಫಿಲೋಮಿನಾ ಕಾಲೇಜು, 1965ರ ವಿವೇಕಾನಂದ ಕಾಲೇಜುಗಳಂಥ ಹಳೆಯ ಪದವಿ ಕಾಲೇಜುಗಳಿವೆ. ಪ್ರವೇಶಕ್ಕೆ ಮುಂಚಿನ ಆರು ತಿಂಗಳು ಸಂಜೆ ಹೊತ್ತು ಇಂಗ್ಲಿಷ್ ಮತ್ತು ಮೂಲ ವಿಜ್ಞಾನ ಕಲಿಸುವ ಕೆಲಸವನ್ನು ಇಂಥ ಕಾಲೇಜುಗಳು ವಹಿಸಿಕೊಂಡರೆ, ಸಹಭಾಗಿತ್ವಕ್ಕೆ ನರ್ಸಿಂಗ್ ಕಾಲೇಜು ಮಾತ್ರವೇ ಬೇಕೆಂದಿಲ್ಲ. ಭಾಷೆಯ ವಿಚಾರದಲ್ಲಿ ಈ ಹುಡುಗಿಯರಿಗಿರುವ ಬಂಡವಾಳವನ್ನೂ ಮರೆಯಬಾರದು. ತುಳು, ಅರೆಭಾಷೆ, ಮಲಯಾಳ, ಬ್ಯಾರಿ ಮಾತುಗಳಲ್ಲಿ ಅಜ್ಜಿಯೊಬ್ಬಳು ಹೇಳುವ ನೋವನ್ನು ದೂರದ ಊರಿನಿಂದ ಬಂದ ದಾದಿಗೆ ಅರ್ಥಮಾಡಿಸಲು ಇಂದೂ ಇದೇ ಸಹಾಯಕಿಯನ್ನು ಕರೆಯಬೇಕಾಗುತ್ತದೆ.

ಗೇರುಬೀಜದ ಉದ್ಯಮಿಗಳಿಗೆ ಈ ಮಾತು ಬೇಗ ಅರ್ಥವಾದೀತು. ಬೀಜದ ಸಿಪ್ಪೆ ಬಿಡಿಸುತ್ತ ಬಂದವಳೇ ಕೆಲ ವರ್ಷಗಳಲ್ಲಿ 240, 320 ಎಂದು ತಿರುಳಿನ ದರ್ಜೆ ವಿಂಗಡಿಸುವಷ್ಟು ಕಣ್ಣಳತೆ ಗಳಿಸುತ್ತಾಳೆ. ದರ್ಜೆ ವಿಂಗಡಿಸುವವರು ಬೇಕಾಗಿದ್ದಾರೆಂದು ಬೆಂಗಳೂರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ಕಾರ್ಖಾನೆಯಿಲ್ಲ. ಬ್ರಿಟನ್ ಕೂಡ ಹೊರದೇಶದ ದಾದಿಯರನ್ನು ಕರೆಸಿಕೊಳ್ಳುತ್ತಲೇ, 2017ರಿಂದ ತನ್ನ ಆಸ್ಪತ್ರೆಗಳ ಸಹಾಯಕರಿಗೆ ಸಂಬಳ ಪಡೆಯುತ್ತಲೇ ನರ್ಸಿಂಗ್ ಪದವಿ ಓದುವ ಅಪ್ರೆಂಟಿಸ್ ಮಾರ್ಗವನ್ನು ತೆರೆಯಿತು. ಇಲ್ಲಿ ಅಂಥ ಮಾರ್ಗಕ್ಕೆ ನಿಯಮವೇ ಬದಲಾಗಬೇಕು. 1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಸೇವೆಯಲ್ಲಿರುವವರಿಗೆ ಮೀಸಲು ಸೀಟು, ಅನುಭವಕ್ಕೆ ಮನ್ನಣೆ ಕೋರಿ ಮನವಿ ಸಲ್ಲಿಸಲು ವಾಣಿಜ್ಯ ಸಂಘಗಳಿಗೆ ಇದು ತಕ್ಕ ಕಾಲ.

ಕೊನೆಯದಾಗಿ ಕಡಬ. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ ರಚಿಸಿದ ಈ ಹೊಸ ತಾಲೂಕಿಗೆ ತಹಶೀಲ್ದಾರರ ಕಚೇರಿ ಬಂತು. ಕಚೇರಿಯ ಹಿಂದೆಯೇ ದಾದಿಯರು ಬರುವುದಿಲ್ಲ. ಹಳೆಯ ಹೊಸ್ಮಠ ಸೇತುವೆ ಮಳೆಗಾಲದಲ್ಲಿ ಮುಳುಗಿ ರೋಗಿಗಳು ಈಚೆ ದಡದಲ್ಲೇ ಉಳಿಯುತ್ತಿದ್ದ ದಿನಗಳನ್ನು ಅಲ್ಲಿನ ವರ್ತಕರು ಮರೆತಿಲ್ಲ. ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕೆಂಬ ನಿಯಮವಿರುವಾಗ ಕಡಬದಲ್ಲಿ ಕಾಲೇಜು ತೆರೆಯುವ ಮಾತು ಸದ್ಯಕ್ಕೆ ಬರಿಯ ಭಾಷಣ. ಕಡಬದ ಆಸ್ಪತ್ರೆಗಳು ಸಹಾಯಕಿಯರನ್ನು ಸುಳ್ಯಕ್ಕೆ ಕಳುಹಿಸಲಿ. ಸಮುದಾಯ ಆರೋಗ್ಯದ ತರಬೇತಿಗಾಗಿ ಸುಳ್ಯದ ವಿದ್ಯಾರ್ಥಿನಿಯರು, ನಿಯಮದ ದೂರದ ಮಿತಿಯೊಳಗೆ, ಕಡಬದ ಹಳ್ಳಿಗಳಿಗೆ ಬರಲಿ. ಹಾಗೆ ಬಂದ ವಿದ್ಯಾರ್ಥಿನಿಯರನ್ನು ಪಾಳಿಯ ಪಟ್ಟಿಯಲ್ಲಿ ಸಿಬ್ಬಂದಿಯೆಂದು ಬರೆಯಕೂಡದೆಂಬ ಷರತ್ತನ್ನು ಒಪ್ಪಂದದಲ್ಲಿ ಸ್ಪಷ್ಟವಾಗಿ ಸೇರಿಸಬೇಕು. ಪುಕ್ಕಟೆ ದುಡಿಮೆಯ ಆಸೆಯಿಂದ ಕೆಟ್ಟ ಒಪ್ಪಂದಗಳು ಬೇಕಾದಷ್ಟಿವೆ. ಮೊದಲ ತಂಡಕ್ಕೆ ಮೂರು ತಾಲೂಕುಗಳಿಂದ ಹತ್ತೇ ಮಂದಿ ಸಾಕು, ಅವರಲ್ಲಿ ಮೂವರಾದರೂ ಕಡಬದವರಿರಲಿ. ಸಂಜೆಯ ಇಂಗ್ಲಿಷ್ ತರಗತಿಗೆ ಆರು ತಿಂಗಳು ಬೇಕಾಗಿರುವುದರಿಂದ, ಮುಂದಿನ ಸಾಲಿನ ಪ್ರವೇಶಕ್ಕೆ ಹೆಸರುಗಳ ಪಟ್ಟಿ ಈಗಿನ ಸಾಲಿನಲ್ಲೇ ಸಿದ್ಧವಾಗಬೇಕು.